ಡಾಕ್ಟರರಿಗೆ ಹೇಳದ ಹೊಗೆ

ಡಾಕ್ಟರು ಎರಡು ಸಲ ಕೇಳಿದರೂ ನಾನು ಹೊಗೆಯ ವಿಷಯ ಹೇಳಲಿಲ್ಲ. ಪಕ್ಕದಲ್ಲೇ ನನ್ನ ತಮ್ಮ ಉಸಿರಿಗಾಗಿ ಒದ್ದಾಡುತ್ತಿದ್ದ. "ಮದಲಿಂದ ದಮ್ಮು ಐತ್ರಿ" ಎಂದು ಸುಳ್ಳು ಹೇಳಿದೆ.

ಬೈಲಹೊಂಗಲದಲ್ಲಿ ನಮ್ಮದು ಅಕ್ಕಸಾಲಿಗರ ಅಂಗಡಿ. ನಾನು ಸಾಲೆ ಕಲಿತದ್ದು ಆರನೆಯ ಇಯತ್ತೆವರೆಗೆ. ಉಳಿದದ್ದನ್ನು ಅಪ್ಪನ ಮುಂದೆ ಕುಳಿತು ಕಲಿತೆ. ವರ್ಷವಿಡೀ ಅಂಗಡಿಯ ಕಸ ಗುಡಿಸಿ ಡಬ್ಬಿಯಲ್ಲಿ ಕೂಡಿಡುತ್ತೇವೆ. ಅದರಲ್ಲಿ ಅರದಿಂದ ಉದುರಿದ ಬಂಗಾರ, ಬೆಳ್ಳಿಯ ಪುಡಿ ಇರುತ್ತದೆ. ದೀಪಾವಳಿಗೆ ಮುಂಚೆ ಕಸ ಸುಟ್ಟು, ಅಯಸ್ಕಾಂತ ಆಡಿಸಿ ಕಬ್ಬಿಣ ತೆಗೆದು, ತೊಳೆದು, ಉಳಿದದ್ದನ್ನು ಆಸಿಡ್‌ನಲ್ಲಿ ಕುದಿಸುತ್ತೇವೆ. ಬೆಳ್ಳಿ, ತಾಮ್ರ ಕರಗುತ್ತವೆ. ಬಂಗಾರ ಕರಗದೆ ತಳದಲ್ಲಿ ಕಂದು ಪುಡಿಯಾಗಿ ಉಳಿಯುತ್ತದೆ. ಮೇಲಿನ ನೀರನ್ನು ಬೇರೆ ಮಾಡಿ ತಾಮ್ರದ ತಗಡು ಇಳಿಬಿಟ್ಟರೆ ತಗಡು ಸವೆಯುತ್ತ ಹೋಗಿ, ಬೆಳ್ಳಿ ಬೂದು ಹತ್ತಿಯಂತೆ ಅದಕ್ಕೆ ಮೆತ್ತಿಕೊಳ್ಳುತ್ತದೆ.

"ತಾಮ್ರ ಅಂದ್ರ ಹೊಸಾ ಸೊಸಿ ನೋಡಣ್ಣಾ. ಆಕಿ ಒಳಗ ಬಂದಳಂದ್ರ ಅತ್ತಿ ಹೊರಗ" ಎಂದು ತಮ್ಮ ನಗುತ್ತಿದ್ದ.

ಆಸಿಡ್ ಕುದಿಸುವುದು ಯಾವಾಗಲೂ ಹಿತ್ತಲಿನಲ್ಲಿ. ಆ ವರ್ಷ ನೆರೆಯವರು ಹೊಗೆಗೆ ಬೇಸತ್ತು ಜಗಳಕ್ಕೆ ಬಂದರು. "ಒಳಗ ಕುಂತು ಮಾಡು, ಕಿಡಕಿ ಹಾಕ್ಕೊ" ಎಂದು ತಮ್ಮನಿಗೆ ಹೇಳಿದೆ.

"ಅಣ್ಣಾ, ಕಣ್ಣ ಉರಿತಾವು."

"ಬಂಗಾರದ ಕೆಲಸದಾಂವಗ ಹೊಗಿ ಅಂಜಿಕಿ? ಹಂಗಾರ ಹೂವಾ ಮಾರಾಕ ಹೋಗು."

ಅವನು ಒಳಗೇ ಕೂತ. ಬಾಗಿಲ ಸಂದಿಯಿಂದ ಕೆಂಗಂದು ಹೊಗೆ ಬರುವುದನ್ನು ಕಂಡೆ; ಗಿರಾಕಿಗಳಿದ್ದರು, ಏಳಲಿಲ್ಲ. ಹೊರಬಂದವನು ಸ್ವಲ್ಪ ಕೆಮ್ಮಿ ಊಟ ಮಾಡಿದ. ಉಸಿರು ಕಟ್ಟತೊಡಗಿದ್ದು ಮರುದಿನ ಬೆಳಿಗ್ಗೆ.

ಹೊಗೆಯ ಮಾತು ಹೊರಬಿದ್ದರೆ ನೆರೆಯವರು ಅಂಗಡಿ ಮುಚ್ಚಿಸುತ್ತಾರೆಂದು ನಾನು ಹೆದರಿದ್ದೆ. ಡಾಕ್ಟರು ದಮ್ಮಿನ ಔಷಧಿ ಕೊಟ್ಟು ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ತುಟಿ ನೀಲಿಯಾಯಿತು. ಬೆಳಗಾವಿಗೆ ಒಯ್ದೆವು. ಅಲ್ಲಿ ಮಾತಾಡಲಾಗದೆ ತಮ್ಮನೇ ಚೀಟಿಯ ಮೇಲೆ 'ಆಸಿಡ್ ಹೊಗೆ' ಎಂದು ಬರೆದು ತೋರಿಸಿದ. ಜೀವ ಉಳಿಯಿತು. ಆದರೆ ಬೆಸುಗೆಯ ಊದುಗೊಳವೆ ಊದುವಷ್ಟು ಉಸಿರು ಮತ್ತೆ ಬರಲಿಲ್ಲ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನೂ ಸುಮ್ಮನಿದ್ದುಬಿಟ್ಟೆ.

ಕಳೆದ ಅಮಾವಾಸ್ಯೆಗೆ ಸಿರಸಂಗಿಗೆ ಹೋಗಿದ್ದೆವು. ಕಾಳಮ್ಮನ ಗುಡಿಯ ದಾರಿಯಲ್ಲೇ ಅವನು ಕಟ್ಟೆಯೊಂದರ ಮೇಲೆ ಕುಸಿದು ಕೂತ. "ನೀ ಹೋಗಿ ಬಾರಣ್ಣಾ. ನಂದೂ ಒಂದು ಕಾಯಿ ಒಡಿಸು" ಎಂದ.

ನಾನು ಗುಡಿಗೆ ಹೋಗದೆ ಅವನ ಪಕ್ಕದಲ್ಲೇ ಕೂತೆ.

"ತಮ್ಮಾ, ನಿನ್ನ ಒಳಗ ಕುಂದರಿಸಿದಾಂವ ನಾ. ಡಾಕ್ಟರ ಮುಂದ ಸುಳ್ಳ ಹೇಳಿದಾಂವನೂ ನಾನ. ನಿನ್ನ ಜೀವಕ್ಕಿಂತ ಅಂಗಡಿ ದೊಡ್ಡದು ಅಂತ ತಿಳದೆ. ತಪ್ಪಾತು. ನನ್ನ ಕ್ಷಮಾ ಮಾಡಪಾ."