ದೀಪದ ಮೇಲಿನ ಹೆಬ್ಬೆಟ್ಟು

ಈರಪ್ಪನ ಹೆಬ್ಬೆಟ್ಟಿನ ಗುರುತನ್ನು ಅಳಿಸಿದವನು ನಾನು. ತಿಳಿಯದೆ ಮಾಡಿದ್ದಲ್ಲ, ಅವಸರದಲ್ಲಿ ಆಗಿಹೋದದ್ದೂ ಅಲ್ಲ. ಆ ಗುರುತು ಯಾರದು, ಅದನ್ನು ಯಾರು ಹುಡುಕುತ್ತಿದ್ದಾರೆ, ಅದು ಹೋದರೆ ಅವರಿಗೆ ಏನು ಉಳಿಯುತ್ತದೆ — ಎಲ್ಲವೂ ಗೊತ್ತಿತ್ತು. ಗೊತ್ತಿದ್ದೇ, ಒಂದು ಭಾನುವಾರ ಬೆಳಿಗ್ಗೆ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು, ನನ್ನ ಕೈಯಿಂದಲೇ ತಿಕ್ಕಿ ತೆಗೆದೆ.

ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯಲು ಕಾರಣವಿದೆ. ಈರಪ್ಪನ ಹೆಂಡತಿ ನೀಲವ್ವನ ಬಗ್ಗೆ ಮುಂಬೈಯ ಸಯನ್‌ನ ನಮ್ಮ ಬಿಲ್ಡಿಂಗಿನ ಕನ್ನಡದವರು ಈಗ ಒಂದು ಮಾತಾಡುತ್ತಿದ್ದಾರೆ. ಉಪಕಾರ ಮಾಡಿದವನನ್ನು ಮಗಳ ಮದುವೆಯಲ್ಲಿ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಎಂದು. ಆ ಉಪಕಾರ ಮಾಡಿದವನು ನಾನು. ಆದ್ದರಿಂದ ಹೇಳಬೇಕಾದವನೂ ನಾನೇ.

ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಒಂದು ಗಲ್ಲಿಯಲ್ಲಿ ನನ್ನ ಅಂಗಡಿ ಇತ್ತು. ಹಳೆಯ ಕಾಲದ ವಿಲಾಯತಿ ಕಾರುಗಳ ಬಿಡಿಭಾಗಗಳನ್ನು ಗುಜರಿಯವರಿಂದ ಕೊಂಡು, ತೊಳೆದು, ಮಾರುವುದು ನನ್ನ ಕಸುಬು. ಈ ಕಸುಬಿನಲ್ಲಿ ಎಲ್ಲವೂ ಒಂದೇ ಪ್ರಶ್ನೆಯ ಮೇಲೆ ನಿಂತಿದೆ — ಮಾರುವ ಮೊದಲು ಎಷ್ಟು ತೊಳೆಯಬೇಕು? ತೊಳೆಯದೇ ಇಟ್ಟರೆ ಗಿರಾಕಿ ಅದನ್ನು ಕಸವೆಂದುಕೊಂಡು ಕೈಗೆತ್ತಿಕೊಳ್ಳುವುದಿಲ್ಲ. ತೀರ ತೊಳೆದರೆ, ಏನೋ ಮುಚ್ಚಿಟ್ಟಿದ್ದಾನೆ ಎಂದುಕೊಳ್ಳುತ್ತಾನೆ. ನನ್ನ ಪದ್ಧತಿ ಖಚಿತವಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕು, ಬ್ರಷ್ಷಿನಿಂದ ಜಿಡ್ಡು ತೆಗೆ, ಬಟ್ಟೆಯಿಂದ ಒರೆಸು, ಅಲ್ಲಿಗೆ ನಿಲ್ಲಿಸು. ತಯಾರಿಸಿದವರ ಅಕ್ಷರ ಓದಲು ಬರಬೇಕು, ಬಿರುಕಿದ್ದರೆ ಬಿರುಕು ಕಾಣಬೇಕು. ಹೊಳಪು ಬೇಕಾದರೆ ಕೊಂಡವನು ಮಾಡಿಕೊಳ್ಳಲಿ. ಗಲ್ಲಿಯ ಉಳಿದವರು ಬೆಳ್ಳಿಬಣ್ಣ ಬಳಿದು ಮಾರುತ್ತಿದ್ದಾಗ ನಾನು ಹೀಗೆ ಮಾರುತ್ತಿದ್ದೆ. ಗಿರಾಕಿಗಳು ಅವರನ್ನು ದಾಟಿ ನನ್ನ ಬಳಿ ಬರುತ್ತಿದ್ದರು. ಈ ಪದ್ಧತಿ ಸರಿ ಎಂದು ಇವತ್ತಿಗೂ ಹೇಳುತ್ತೇನೆ. ಅದನ್ನು ನಾನು ಮುರಿದದ್ದು ಒಮ್ಮೆ ಮಾತ್ರ.

ಈರಪ್ಪ ನಮ್ಮ ಬಿಲ್ಡಿಂಗಿನಲ್ಲೇ ಕೆಳಗಿನ ಖೋಲಿಯಲ್ಲಿದ್ದ. ಗದಗಿನ ಕಡೆಯವನು, ನನ್ನೂರೂ ಆ ಕಡೆಯದೇ. ಒಬ್ಬ ಸೇಠರ ಮನೆಯಲ್ಲಿ ಡ್ರೈವರ್. ಆ ಸೇಠರ ಹತ್ತಿರ ಅವರ ತಂದೆಯ ಕಾಲದ ಒಂದು ಉದ್ದನೆಯ ಕಾರಿತ್ತು — ಮುಂದೆ ಹಿತ್ತಾಳೆಯ ಎರಡು ದೊಡ್ಡ ದೀಪ. ಆ ಕಾರಿನ ಆರೈಕೆ ಪೂರ್ತಿ ಈರಪ್ಪನದು. ಯುದ್ಧದ ವರ್ಷ ಬ್ಲ್ಯಾಕ್‌ಔಟ್ ಬಂದಾಗ ಎಲ್ಲ ಗಾಡಿಗಳ ದೀಪಕ್ಕೂ ಕಪ್ಪು ಬಣ್ಣ ಹಚ್ಚಬೇಕೆಂದು ಹುಕುಂ ಆಯಿತು. ಈರಪ್ಪ ಆ ಕಾರನ್ನು ನಮ್ಮ ಬಿಲ್ಡಿಂಗಿನ ಮುಂದೆಯೇ ನಿಲ್ಲಿಸಿಕೊಂಡು ಸಂಜೆ ಬಣ್ಣ ಬಳಿಯುತ್ತಿದ್ದ. ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತವನು ನಾನು. ಗಾಜಿನ ಮೇಲರ್ಧಕ್ಕೆ ಹಚ್ಚಿ ಮುಗಿಸಿ, ಕೈಯಲ್ಲಿ ಬಣ್ಣ ಮಿಕ್ಕಿತೆಂದು ಹಿತ್ತಾಳೆಯ ಮೇಲೂ ಒಂದಷ್ಟು ಎಳೆದ. ಅಷ್ಟರಲ್ಲಿ ಸೈರನ್ ಕೂಗಿತು. ದೀಪಗಳೆಲ್ಲ ಆರಿದವು. ಕತ್ತಲಲ್ಲಿ ಆತ ಕಾರನ್ನು ತಡವಿಕೊಂಡು ಒಳಗೆ ಬಂದ. ಮರುದಿನ ನೋಡಿದರೆ ಎಡಗಡೆಯ ದೀಪದ ಹಿತ್ತಾಳೆಯ ಮೇಲೆ, ಒಣಗಿದ ಕಪ್ಪು ಬಣ್ಣದಲ್ಲಿ, ಅವನ ಹೆಬ್ಬೆಟ್ಟು ಒಂದೊಂದು ಗೆರೆಯೂ ತಪ್ಪದೆ ಮೂಡಿತ್ತು.

ಈರಪ್ಪನಿಗೆ ಓದು ಬರಹ ಇರಲಿಲ್ಲ. ಪಗಾರಕ್ಕೂ ಹೆಬ್ಬೆಟ್ಟೇ. ಆ ಗುರುತನ್ನು ನೋಡಿ ಜೋರಾಗಿ ನಕ್ಕ.

“ನೋಡ್ರಿ ಅಣ್ಣಾರ, ಸಹಿ ಬಿತ್ತು. ಇನ್ನ ಈ ಗಾಡಿ ನಂದ!”

ಆಡಿದ ಮಾತು ನಿಜವಾಯಿತು. ಒಂದೆರಡು ವರ್ಷಕ್ಕೆ ಸೇಠರು ಮುಂಬೈ ಬಿಟ್ಟು ಹೊರಟಾಗ, ಓಡದೆ ನಿಂತಿದ್ದ ಆ ಕಾರನ್ನು ಈರಪ್ಪನಿಗೇ ಬಿಟ್ಟುಕೊಟ್ಟರು. ಮುಲುಂಡಿನಲ್ಲಿ ಒಂದು ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಅದನ್ನು ಇಡಿಸಿದ. ರಿಪೇರಿ ಮಾಡಿ ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಡುತ್ತೇನೆ ಎನ್ನುತ್ತಿದ್ದ. ಆದರೆ ಕಾಮಾಲೆ ಬಂದು, ಸಯನ್ ಆಸ್ಪತ್ರೆಯಲ್ಲಿ ತೀರಿಕೊಂಡ. ನೀಲವ್ವ ಸಣ್ಣ ಮಗಳನ್ನು ಕರೆದುಕೊಂಡು ಮುಲುಂಡಿಗೆ ಹೋದಳು; ಅಲ್ಲಿ ನಮ್ಮ ಕಡೆಯಿಂದ ಬಂದ ಗಾರೆ ಕೆಲಸದ ಗೌಂಡಿಗಳಿಗೆ, ಕೂಲಿಯವರಿಗೆ ರೊಟ್ಟಿ ಬಡಿದು ಹಾಕುವ ಖಾನಾವಳಿ ಶುರು ಮಾಡಿದಳು. ಕಾರನ್ನು ಮಾತ್ರ ಮಾರಲಿಲ್ಲ.

ಒಂದು ದಿನ ಅಂಗಡಿಗೆ ಬಂದಳು. ಶೆಡ್ಡಿನಿಂದ ಎರಡೂ ದೀಪಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು.

“ಪೊಲೀಸರಿಗೆ ಹೇಳಿ ಏನ್ ಮಾಡ್ಲಿ ಅಣ್ಣಾರ. ಕದ್ದ ಮಾಲು ತಿರುಗಿ ಈ ಗಲ್ಲಿಗೇ ಬರತೈತಂತ. ನಿಮ್ಮ ಕಣ್ಣಿಗೆ ಬಿದ್ರ ಹಿಡೀರಿ. ದೀಪ ಹೋದ್ರ ಹೋಗ್ಲಿ, ಅದರ ಮ್ಯಾಲ ನಮ್ಮವ್ರ ಹೆಬ್ಬಟ್ಟೈತಿ. ನಿಮಗ ಗೊತ್ತಲ್ಲ.”

ಈರಪ್ಪನ ಫೋಟೋ ಎಂದು ಆಕೆಯ ಹತ್ತಿರ ಲೈಸೆನ್ಸಿನ ಮೇಲಿನ ಮಸುಕು ಮುಖ ಒಂದಿತ್ತು, ಅಷ್ಟೇ. ತಿಂಗಳಿಗೊಮ್ಮೆ ಶೆಡ್ಡಿಗೆ ಹೋಗಿ ಕಾರಿನ ಧೂಳು ಒರೆಸುತ್ತಿದ್ದಳು. ಆ ಗುರುತಿನ ಮೇಲೆ ಬಟ್ಟೆ ಆಡಿಸದೆ, ತನ್ನ ಹೆಬ್ಬೆರಳನ್ನಿಟ್ಟು ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳಂತೆ. ಅದನ್ನು ನನಗೆ ಹೇಳಿದವಳು ಆಕೆಯೇ — ಅಣ್ಣನಿಗೆ ಹೇಳಿದ ಹಾಗೆ.

“ಬಂದ್ರ ನನ್ನ ದಾಟಿ ಹೋಗೂದಿಲ್ಲ ತಂಗಿ,” ಎಂದೆ. ಆ ಗಳಿಗೆಯಲ್ಲಿ ಆ ಮಾತು ಪ್ರಾಮಾಣಿಕವಾಗಿತ್ತು.

ಅದೇ ಹೊತ್ತಿಗೆ ಮಲಬಾರ್ ಹಿಲ್‌ನ ಒಬ್ಬ ದೊಡ್ಡ ಗಿರಾಕಿ ಅಂಥದೇ ಹಿತ್ತಾಳೆಯ ಜೋಡಿ ದೀಪಕ್ಕಾಗಿ ಇಡೀ ಗಲ್ಲಿಯನ್ನು ಜಾಲಾಡುತ್ತಿದ್ದ. ಹಳೆಯ ಕಾರುಗಳ ಪಂದ್ಯವೊಂದಕ್ಕೆ ತನ್ನ ಗಾಡಿಯನ್ನು ಸಜ್ಜು ಮಾಡುತ್ತಿದ್ದ. ಎಲ್ಲ ಅಂಗಡಿಯವರೂ ಕೈಚೆಲ್ಲಿದ್ದರು. ನಾನು ಅವರೆಲ್ಲರ ಎದುರಿಗೇ, “ನನಗೆ ಬಿಡಿ, ತರಿಸಿಕೊಡುತ್ತೇನೆ,” ಎಂದುಬಿಟ್ಟಿದ್ದೆ. ಎಲ್ಲಿಂದ ತರಿಸುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ. ಆದರೂ ಹೇಳಿದ್ದೆ.

ಮುಂದಿನ ವಾರವೇ ಗುಜರಿಯವನೊಬ್ಬ ಗೋಣಿಚೀಲವನ್ನು ನನ್ನ ಮುಂದೆ ಸುರುವಿದ. ಎರಡು ದೀಪ. ಎಡಗಡೆಯದನ್ನು ತಿರುಗಿಸಿದೆ —

ಈರಪ್ಪ ಅಲ್ಲಿದ್ದ.

ಗುಜರಿಯವನಿಗೆ ಕೊಡುವುದನ್ನು ಕೊಟ್ಟು ಕಳಿಸಿ, ಆ ದೀಪಗಳನ್ನು ಕಟ್ಟೆಯ ಕೆಳಗೆ ತಳ್ಳಿದೆ. ಮುಲುಂಡಿಗೆ ಹೇಳಿಕಳಿಸಬೇಕು ಎಂದುಕೊಂಡೆ. ಹೇಳಿಕಳಿಸಲಿಲ್ಲ. ಎರಡು ದಿನ ಹಾಗೇ ಕಳೆದೆ. ಆ ಎರಡು ದಿನ ನನ್ನ ಮನಸ್ಸಿನಲ್ಲಿ ಓಡಿದ ಮಾತುಗಳನ್ನು ಇಲ್ಲಿ ಬರೆದರೆ ಅವು ಸಬೂಬಿನಂತೆ ಕಾಣುತ್ತವೆ. ಸಬೂಬೇ ಅವು. ನಿಜ ಇಷ್ಟು: ಇಡೀ ಗಲ್ಲಿಗೆ ಸಿಗದ ಮಾಲನ್ನು ನಾನು ದೊರಕಿಸಿದೆ ಅನ್ನಿಸಿಕೊಳ್ಳಬೇಕಿತ್ತು. ನೀಲವ್ವನಿಗೆ ಕೊಟ್ಟ ಮಾತಿಗಿಂತ ಗಲ್ಲಿಯ ಎದುರು ಆಡಿದ ಮಾತು ನನಗೆ ದೊಡ್ಡದಾಗಿತ್ತು.

ಭಾನುವಾರ ಕೆಲಸದವರಿಗೆ ರಜೆ. ಕಾಸ್ಟಿಕ್ ಸೋಡಾದ ನೀರಿನಲ್ಲಿ ದೀಪಗಳನ್ನು ಮುಳುಗಿಸಿದೆ. ಬಣ್ಣ ಉಬ್ಬಿತು, ಆದರೆ ಬಿಡಲಿಲ್ಲ. ತಂತಿಬ್ರಷ್ ಹಿಡಿದೆ. ಆಮೇಲೆ ಪಾಲಿಶ್ ಪೇಪರ್. ಗುರುತಿನ ಗೆರೆಗಳು ಒಂದೊಂದಾಗಿ ಹೋಗುತ್ತಿರುವುದನ್ನು ಕಣ್ಣು ಬಿಟ್ಟುಕೊಂಡೇ ನೋಡಿದೆ. ಹಿತ್ತಾಳೆಯಲ್ಲಿದ್ದ ಹಳೆಯ ತಗ್ಗನ್ನು ಒಳಗಿನಿಂದ ತಟ್ಟಿ ಎತ್ತಿದೆ. ಗಾಜು ಬದಲಿಸಿದೆ. ಕೊನೆಗೆ ಹುಣಸೆಹಣ್ಣು, ಬೂದಿ. ನನ್ನ ಅಂಗಡಿಯಲ್ಲಿ ಯಾವ ಸಾಮಾನೂ ಹಾಗೆ ಹೊಳೆದಿರಲಿಲ್ಲ. ಅದು ಎಲ್ಲಿತ್ತು, ಯಾರ ಕೈಯಲ್ಲಿತ್ತು ಎಂದು ಹೇಳುವ ಒಂದು ಗೀರೂ ಉಳಿಯದ ಹಾಗೆ ತೊಳೆದೆ.

ಗಿರಾಕಿ ಬರುವ ಮೊದಲೇ ನೀಲವ್ವ ಬಂದಳು.

ಗುಜರಿಯವನು ನನ್ನ ಅಂಗಡಿಗೆ ದೀಪ ಕೊಟ್ಟನೆಂದು ಆಕೆಗೆ ಯಾರು ಹೇಳಿದರೋ, ಇವತ್ತಿಗೂ ತಿಳಿಯದು. ಮೆಟ್ಟಿಲ ಮೇಲೆ ನಿಂತು, ಒಳಗೆ ಕಟ್ಟೆಯ ಮೇಲಿದ್ದ ದೀಪಗಳನ್ನೇ ನೋಡುತ್ತಿದ್ದಳು. ಆಕೆ ಒಳಗೆ ಬಂದು ಎಡಗಡೆಯದನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಬೆಳಕಿಗೆ ಹಿಡಿದಳು. ಗುರುತು ಇದ್ದ ಜಾಗ ಆಕೆಯ ಹೆಬ್ಬೆರಳಿಗೆ ಬಾಯಿಪಾಠ — ನೇರ ಅಲ್ಲಿಗೇ ಹೋಯಿತು. ಒಮ್ಮೆ ಸವರಿದಳು. ಮತ್ತೊಮ್ಮೆ ಸವರಿದಳು. ಹಿತ್ತಾಳೆಯಲ್ಲಿ ಆಕೆಯ ಮುಖವೇ ಕಾಣುತ್ತಿತ್ತು.

“ಇದು ನಮ್ದಲ್ರಿ ಅಣ್ಣಾರ,” ಎಂದಳು. “ನಮ್ದು ಕರ್ರಗಿತ್ತು, ನೆಗ್ಗಿತ್ತು. ಇದು ಹೊಸಾದಿದ್ದಂಗ ಐತಿ.”

ದೀಪವನ್ನು ಇದ್ದಲ್ಲಿಯೇ ಇಟ್ಟು, ಸೆರಗಿನಿಂದ ತನ್ನ ಬೆರಳಿನ ಕಲೆಯನ್ನೂ ಅದರ ಮೇಲಿಂದ ಒರೆಸಿದಳು.

“ಮಂದಿ ಮಾತ್ ಕೇಳಿ ನಿಮ್ಮ ಮ್ಯಾಲ ಸಂಶೇ ಮಾಡಿದೆ. ತಪ್ಪಾತ್ರಿ. ಮನಸಿಗೆ ಹಚ್ಕೋಬ್ಯಾಡ್ರಿ.”

ಆಗ ನಾನು ಹೇಳಬಹುದಿತ್ತು. ದೀಪ ಅಲ್ಲೇ ಇತ್ತು, ಆಕೆಯೂ ಅಲ್ಲೇ ಇದ್ದಳು... ನಾನು ಹೇಳಿದ್ದು ಬೇರೆ. “ಇರಲಿ ಬಿಡವ್ವಾ, ನೋಡ್ತಿರ್ತೀನಿ,” ಎಂದೆ. ಚಹಾ ತರಿಸಿ ಕುಡಿಸಿ ಕಳಿಸಿದೆ. ಆಮೇಲೆ ಬಂದ ಮಲಬಾರ್ ಹಿಲ್‌ನ ಗಿರಾಕಿಗೆ ಜೋಡಿ ದೀಪ ಮಾರಿದೆ.

ಆಮೇಲೆ ಆಕೆಯ ಕಾರನ್ನು ನಾನೇ ಮುಂದೆ ನಿಂತು ಒಳ್ಳೆಯವರಿಗೆ ಮಾರಿಸಿಕೊಟ್ಟೆ, ದಲ್ಲಾಳಿ ಹಣ ತೆಗೆದುಕೊಳ್ಳಲಿಲ್ಲ. ಖಾನಾವಳಿಗೆ ಒಂದು ಗಟ್ಟಿ ಜಾಗ ನೋಡಿಕೊಟ್ಟೆ. ಮಗಳು ಸುಮಿತ್ರಾಳನ್ನು ಶಾಲೆಗೆ ಸೇರಿಸುವಾಗ ಜೊತೆಗೆ ಹೋದೆ. ನಮ್ಮವರೆಲ್ಲ ನನ್ನನ್ನು ಹೊಗಳಿದರು. ಹೊಗಳಿಕೆಯನ್ನು ಬೇಡವೆನ್ನದೆ ಕೇಳಿಸಿಕೊಂಡೆ. ಅದೂ ನನ್ನ ತಪ್ಪಿನ ಭಾಗವೇ.

ಸುಮಿತ್ರಾಳ ಮದುವೆ ಗೊತ್ತಾದಾಗ ನೀಲವ್ವ ನಮ್ಮ ಮನೆಗೆ ಬಂದು, ನನ್ನ ಹೆಂಡತಿಗೆ ಕುಂಕುಮ ಹಚ್ಚಿ, ನನ್ನ ಕಡೆ ತಿರುಗಿ ಹೇಳಿದಳು:

“ನನಗ ಒಡಹುಟ್ಟಿದವ್ರಿಲ್ಲ. ಸೋದರಮಾವನ ಜಾಗಾದಾಗ ನೀವ ನಿಂದ್ರಬೇಕು. ಇಲ್ಲನ್ನಬ್ಯಾಡ್ರಿ.”

ಆ ಜಾಗದಲ್ಲಿ ನಿಲ್ಲಲು ನನ್ನಿಂದಾಗದು. ಅಷ್ಟು ನನಗೆ ಆ ಕ್ಷಣವೇ ಸ್ಪಷ್ಟವಾಯಿತು. ಇಷ್ಟು ವರ್ಷ ಸಹಿಸಿಕೊಂಡಿದ್ದೆ, ಇದನ್ನು ಮಾತ್ರ ಸಹಿಸಲಾಗಲಿಲ್ಲ. ಮರುದಿನ ಲೋಕಲ್ ಹಿಡಿದು ಮುಲುಂಡಿಗೆ ಹೋದೆ. ಮಧ್ಯಾಹ್ನದ ಊಟ ಮುಗಿದು ಖಾನಾವಳಿ ಖಾಲಿಯಾಗಿತ್ತು. ನೀಲವ್ವ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ನಿಂತೇ ಹೇಳಿದೆ — ದೀಪ ನಿನ್ನದೇ ಆಗಿತ್ತು, ಬಂದ ದಿನವೇ ಗುರುತು ಹಿಡಿದಿದ್ದೆ, ಹೆಬ್ಬೆಟ್ಟನ್ನು ನಾನೇ ತಿಕ್ಕಿ ತೆಗೆದೆ, ನೀನು ಕೈಯಲ್ಲಿ ಹಿಡಿದು ನೋಡಿದಾಗ ಸುಮ್ಮನಿದ್ದೆ. ಕೊಂಡವನ ಮನೆಗೂ ಹೋಗಿ ಕೇಳಿದ್ದೆ, ಅವನು ಕಾರಿನ ಸಮೇತ ಮಾರಿಬಿಟ್ಟಿದ್ದ. ಸಿಕ್ಕಿದ್ದರೂ ನಿನಗೆ ಬೇಕಾದದ್ದು ಅದರ ಮೇಲೆ ಉಳಿದಿರಲಿಲ್ಲ.

ಜರಡಿ ನಿಂತಿತು. ಆಕೆ ಅಳುತ್ತಾಳೆ, ಇಲ್ಲವೆ ಬಯ್ಯುತ್ತಾಳೆ ಎಂದು ಕಾದೆ. ಎರಡೂ ಆಗಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು.

“ತಿಕ್ಕೂವಾಗ... ಅದು ಲಗೂನ ಹೋತೇನ್ರಿ?”

“ಇಲ್ಲವ್ವಾ. ಲಗೂ ಹೋಗಲಿಲ್ಲ. ಭಾಳ ತಿಕ್ಕಬೇಕಾತು.”

ತಲೆಯಾಡಿಸಿದಳು. “ಹಂಗಾದ್ರ ಅವ್ರು ಬಣ್ಣಾ ಚಲೋನ ಹಚ್ಚಿದ್ರು,” ಎಂದಳು — ನನಗಲ್ಲ, ಹಿಟ್ಟಿನ ಕಡೆ ನೋಡುತ್ತ.

ನಾನು ಹೊರಡಲು ತಿರುಗಿದಾಗ ಮತ್ತೆ ಮಾತಾಡಿದಳು.

“ಮದುವಿಗೆ ಬರ್ರಿ. ಕರದೇನಿ, ಕರದದ್ದು ತಿರುಗಿ ತಗೊಳ್ಳೂದಿಲ್ಲ. ಆದ್ರ ಮುಂದ ನಿಂದ್ರಬ್ಯಾಡ್ರಿ. ಮಂದಿಯೊಳಗ ಕೂಡ್ರಿ.”

ಹೋದೆ. ಮಾಟುಂಗದಲ್ಲಿ ಒಂದು ಸಣ್ಣ ಮದುವೆ ಹಾಲ್. ಸೋದರಮಾವನ ಜಾಗದಲ್ಲಿ ಖಾನಾವಳಿಯಲ್ಲಿ ದಿನಾ ಉಣ್ಣುವ ಒಬ್ಬ ಗೌಂಡಿ ನಿಂತಿದ್ದ. ಹೊಸ ಅಂಗಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಸುಮಿತ್ರಾ ಅವನ ಕೈ ಹಿಡಿದು ನಡೆದು ಬಂದಳು. ಅಕ್ಷತೆ ನನ್ನ ಕೈಗೂ ಬಂತು. ಕೂತಲ್ಲಿಂದಲೇ ಎರಚಿದೆ.

ತಿರುಗಿ ಬರುವಾಗ ನಮ್ಮ ಬಿಲ್ಡಿಂಗಿನ ಪಾಟೀಲರು ಜೊತೆಗಿದ್ದರು. “ಎಷ್ಟ್ ಮಾಡಿದ್ರಿ ನೀವು ಆಕಿಗೆ! ಎದುರಿಗೆ ಕರೆದು ಒಂದ್ ಮಾತರ ಆಡಬ್ಯಾಡೇನು? ಮಂದಿ ಭಾಳ ಲಗೂ ಮರೀತಾರ ಬಿಡ್ರಿ,” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ — ಇಲ್ಲ, ಹಾಗಲ್ಲ. ಬಾಯಿ ತೆರೆಯಲು ಸಾಕಷ್ಟು ಸಮಯವಿತ್ತು. ನಾನು ತೆರೆಯಲಿಲ್ಲ. ಆ ಮಾತು ಈಗ ಖೋಲಿಯಿಂದ ಖೋಲಿಗೆ ಹೋಗಿದೆ.

ನೀಲವ್ವ ಏನನ್ನೂ ಮರೆತಿಲ್ಲ. ಆಕೆ ನನಗೆ ತೋರಿಸಿದ ಜಾಗ ಸರಿಯಾದದ್ದು. ನನ್ನ ಹೆಸರು ಉಳಿಸಲು ಆಕೆ ಯಾರಿಗೂ ಕಾರಣ ಹೇಳದೆ ಸುಮ್ಮನಿದ್ದಾಳೆ. ಅದರ ಹಿಂದೆ ನಾನು ಇನ್ನು ಒಂದು ದಿನವೂ ಅಡಗಿ ಕೂರುವುದಿಲ್ಲ. ಬರೆದಿಟ್ಟರೆ ಮುಗಿಯಿತು ಎಂದೂ ಅಂದುಕೊಂಡಿಲ್ಲ. ಎಲ್ಲರ ಮುಖ ನೋಡಿ ಹೇಳಬೇಕು.

ಪಾಟೀಲರು ಆಫೀಸಿನಿಂದ ಬಂದಿದ್ದಾರೆ, ಅವರ ಚಪ್ಪಲಿ ಬಾಗಿಲ ಹೊರಗೆ ಕಾಣುತ್ತಿದೆ. ಮೊದಲು ಅವರ ಮನೆ.