ಬೀದಿಗೆಲ್ಲ ಒಂದೇ ನಂಬರ್

ಶಿಡ್ಲಘಟ್ಟದ ನಮ್ಮ ಬೀದಿಯ ಹೆಂಗಸರು ಬಹಳ ಮಂದಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ವರ್ಷಗಟ್ಟಲೆ ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವರ ಬೆರಳಿನ ಗೆರೆಗಳೇ ಸವೆದುಹೋಗಿವೆ. ಬೆರಳಚ್ಚಿನ ಯಂತ್ರ ಅವರನ್ನು ಗುರುತಿಸುವುದಿಲ್ಲ; ರೇಷನ್ನಿಗೂ ಆಸ್ಪತ್ರೆಗೂ ಓಟಿಪಿಯೇ ಗತಿ. ಅದು ಬರುವುದು ನನ್ನ ಫೋನಿಗೆ. ನಾನು ಹೈಸ್ಕೂಲಿನ ಕನ್ನಡ ಟೀಚರು, ಇಂಗ್ಲಿಷ್ ಓದಬಲ್ಲೆ. "ಟೀಚರಮ್ಮನ ನಂಬರ್ ಬರ್ಕೊಳ್ಳಪ್ಪ" ಎಂದು ಅವರೆಲ್ಲ ಎಲ್ಲ ಕಡೆ ಹೇಳಿಬಿಟ್ಟಿದ್ದರು. ಊರ ಉಸಾಬರಿ ನನಗೇಕೆ ಎಂದು ಗೊಣಗುತ್ತಿದ್ದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಜಂಬ.

ಕಳೆದ ವರ್ಷ ಒಂದು ಮಧ್ಯಾಹ್ನ ಪಕ್ಕದ ಮನೆಯ ಖಾಲಾ ಹೆಸರಿಗೆ ಒಂದು ಸಂದೇಶ ಬಂತು. ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ಬೀದಿಯೆಲ್ಲ ಅವಳನ್ನು ಕರೆಯುವುದೇ ಹಾಗೆ; ನೂಲು ತೆಗೆಯುವವಳು, ನನಗಿಂತ ಹದಿನೈದು ವರ್ಷ ದೊಡ್ಡವಳು. ಚಿಕ್ಕಬಳ್ಳಾಪುರದಲ್ಲಿ ಅವಳು ಸ್ಕ್ಯಾನಿಂಗ್ ಮಾಡಿಸಿದ್ದ ಕಂಪನಿ ಬರೆದಿತ್ತು: ನಮ್ಮ ಕಂಪ್ಯೂಟರಿಗೆ ಕಳ್ಳರು ನುಗ್ಗಿದ್ದಾರೆ, ನಿಮ್ಮ ಹೆಸರು, ವಿಳಾಸ, ಫೋನ್ ನಂಬರು, ವರದಿಗಳು ಹೊರಗೆ ಹೋಗಿರಬಹುದು, ಪಾಸ್‌ವರ್ಡ್ ಬದಲಿಸಿಕೊಳ್ಳಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ!

ಸಂದೇಶದಲ್ಲಿದ್ದ ಲಿಂಕ್ ಒತ್ತದೆ, ಕಂಪನಿಯ ಜಾಲತಾಣಕ್ಕೇ ಹೋಗಿ ಖಾಲಾಳ ಖಾತೆ ತೆರೆದೆ. ಪಾಸ್‌ವರ್ಡ್ ಬದಲಿಸಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ, ವರದಿ ಓದಿದೆ. ಎಡ ಎದೆಯಲ್ಲಿ ಗಂಟು, ಕೂಡಲೇ ಚೂರು ತೆಗೆದು ಪರೀಕ್ಷೆ ಮಾಡಿಸಬೇಕು ಎಂದಿತ್ತು. ಅದು ಬಂದು ಎರಡು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಮಾತಾಡಿಸುವವಳು ನನಗೂ ಹೇಳಿರಲಿಲ್ಲ. ಮೊದಲು ಕೋಪ ಬಂತು, ಆಮೇಲೆ ಅಳು.

ಸಂಜೆ ಎಲ್ಲವನ್ನೂ ಒಪ್ಪಿಸಿದೆ, ಓದಿದ್ದನ್ನೂ ಸೇರಿಸಿ. ಖಾಲಾ ಬೈಯಲಿಲ್ಲ.

"ಮಗಳಿಗೆ ಏಳು ತಿಂಗಳು ತುಂಬಿದೆ ಟೀಚರಮ್ಮ. ಹೆರಿಗೆ ಆಗ್ಲಿ, ಆಮೇಲೆ ತೋರಿಸ್ತೀನಿ" ಎಂದಳು. ತಟ್ಟನೆ ನನ್ನ ಕೈ ಹಿಡಿದಳು. "ಅಲ್ಲಿ ಫಾರ್ಮಲ್ಲಿ ಇನ್ನೊಂದು ನಂಬರ್ ಕೇಳಿದ್ರು. ಅವಳ್ದು ಕೊಟ್ಟಿದ್ದೀನಿ. ಆ ಕಳ್ಳರು ಅವಳಿಗೆ ಫೋನ್ ಮಾಡಿ ಹೇಳ್ಬಿಟ್ರೆ?"

ಅವಳಿಗೆ ಗಂಟಿನ ಭಯವಿರಲಿಲ್ಲ. ಚಿಂತಾಮಣಿಯಲ್ಲಿರುವ ಮಗಳಿಗೆ ಯಾವನೋ ದಾರಿಹೋಕ ಈ ಸುದ್ದಿ ಹೇಳಿಬಿಡುತ್ತಾನೆಂಬ ಭಯ.

ಚಿಕ್ಕಬಳ್ಳಾಪುರದಲ್ಲಿ ವಕೀಲಿಕೆ ಮಾಡುವ ನನ್ನ ಹಳೇ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. ಅವಳು ಪಟಪಟ ಹೇಳಿದಳು: ಆ ಸಂದೇಶ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಏನೇನು ಹೋಯಿತು, ಯಾವಾಗ ಹೋಯಿತು, ನೀವೇನು ಮಾಡಿದಿರಿ ಎಂದು ಕಂಪನಿಯ ದೂರು ಅಧಿಕಾರಿಗೆ ಬರೆದು ಕೇಳಿ. ಇನ್ನು ಬೇಕಿಲ್ಲದ ಮಾಹಿತಿ ಅಳಿಸಿ ಎನ್ನಿ. ಯಾರಿಗೂ ಓಟಿಪಿ ಕೊಡಬೇಡಿ, ಬೆದರಿಕೆ ಬಂದರೆ ನೇರ ಸೈಬರ್ ಪೊಲೀಸರಿಗೆ ದೂರು ಕೊಡಿ.

"ಮಾಹಿತಿ ರಕ್ಷಣೆಗೆ ಹೊಸ ಕಾನೂನು ಬಂದಿದೆ ಮಿಸ್, ಎಲ್ಲ ಕಲಮೂ ಇನ್ನೂ ಜಾರಿಗೆ ಬಂದಿಲ್ಲ. ಆದ್ರೂ ಕೇಳೋದು ಬಿಡ್ಬೇಡಿ. ಆದ್ರೆ ಒಂದು ಮಾತು, ಹೊರಗೆ ಹೋಗಿದ್ದನ್ನ ಯಾವ ಕಾನೂನೂ ವಾಪಸ್ ತರಲ್ಲ."

ಪತ್ರ ಬರೆದೆ. ಖಾಲಾ ಉರ್ದುವಿನಲ್ಲಿ ರುಜು ಹಾಕಿದಳು. ಉತ್ತರಕ್ಕೆಂದು ಕೊನೆಯಲ್ಲಿ, ಎಂದಿನಂತೆ, ನನ್ನ ನಂಬರು. ಪೋಸ್ಟಿಗೆ ಹಾಕುವ ಮೊದಲು ನಾನು ಗಟ್ಟಿಯಾಗಿ ಹೇಳಿದೆ: "ಕಳ್ಳ ಹೇಳೋಕೆ ಮುಂಚೆ ನೀನೇ ಹೇಳು ಖಾಲಾ. ನಡಿ, ಹೋಗಣ."

ಭಾನುವಾರ ಚಿಂತಾಮಣಿಯ ಬಸ್ಸು ಹತ್ತಿದೆವು. ಇನ್ನೂ ಪೋಸ್ಟಿಗೆ ಹಾಕದ ಪತ್ರದ ಲಕೋಟೆ ಖಾಲಾಳ ಮಡಿಲಲ್ಲಿತ್ತು. ದಾರಿಯುದ್ದಕ್ಕೂ ಅವಳು ಏನು ಹೇಳಬೇಕೆಂದು ತುಟಿಯಲ್ಲೇ ಆಡಿಕೊಳ್ಳುತ್ತಿದ್ದಳು.

ಮಗಳು ನನ್ನ ಕ್ಲಾಸಿನಲ್ಲೇ ಓದಿದವಳು. ಚಹಾ ಕೊಟ್ಟು, ತುಂಬಿದ ಹೊಟ್ಟೆ ಹೊತ್ತು ಕೂತು, ನಗುತ್ತಾ ಶುರು ಮಾಡಿದಳು. "ಮಿಸ್, ಮೊನ್ನೆ ಒಂದು ತಮಾಷೆ. ಯಾವನೋ ಫೋನ್ ಮಾಡಿ, ನಿಮ್ಮಮ್ಮನ ಎದೇಲಿ ಗಂಟಿದೆ, ರಿಪೋರ್ಟ್ ಬೇಕಂದ್ರೆ ಓಟಿಪಿ ಹೇಳಿ ಅಂದ. ಚೆನ್ನಾಗಿ ಬೈದು ಇಟ್ಟೆ. ಹಂಗೇನಾದ್ರೂ ಇದ್ದಿದ್ರೆ ಅಮ್ಮಿ ಎಲ್ಲರಿಗಿಂತ ಮೊದ್ಲು ನಂಗೇ ಹೇಳ್ತಿದ್ರು ಅಲ್ವಾ?"

ಖಾಲಾ ಲೋಟ ಕೆಳಗಿಟ್ಟಳು. ಮಗಳು ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಗು ನಿಂತಿತು.

ಆಮೇಲೆ ಅವರಿಬ್ಬರೂ ಉರ್ದುವಿನಲ್ಲಿ ಮಾತಾಡಿಕೊಂಡರು. ನನಗೆ ಅರ್ಥವಾಗುತ್ತದೆ, ಆದರೂ ಒಮ್ಮೆ ಓದಬಾರದ್ದು ಓದಿದವಳು, ಈ ಸಲ ಎದ್ದು ಬಾಗಿಲಾಚೆ ಹೋಗಿ ನಿಂತೆ.

ಕರೆದಾಗ ಒಳಗೆ ಬಂದೆ. ಇಬ್ಬರ ಕಣ್ಣೂ ಕೆಂಪಾಗಿದ್ದವು. ತಾಯಿಯ ಸವೆದ ಬೆರಳುಗಳು ಮಗಳ ಅಂಗೈಯಲ್ಲಿದ್ದವು. "ನಾಳೇನೇ ಆಸ್ಪತ್ರೆಗೆ. ನಾನೂ ಬರ್ತೀನಿ" ಎಂದಳು ಮಗಳು. ಲಕೋಟೆಯಿಂದ ಪತ್ರ ತೆಗೆದು ಪೂರ್ತಿ ಓದಿದಳು. ಪೆನ್ನು ತೆಗೆದುಕೊಂಡು ನನ್ನ ನಂಬರಿಗೆ ಗೆರೆ ಎಳೆದು, ಕೆಳಗೆ ತನ್ನದನ್ನು ಬರೆದಳು.

"ಬೇಜಾರಾಯ್ತಾ ಮಿಸ್?"

ಆಗಿತ್ತು, ಸ್ವಲ್ಪ. ಇಲ್ಲ ಎಂದೆ.

"ಟೀಚರಮ್ಮಂಗೂ ಎಲ್ಲ ತಿಳಿಸ್ತಿರು" ಎಂದು ಮಗಳಿಗೆ ಹೇಳಿದಳು ಖಾಲಾ, ಮೂಗು ಒರೆಸಿಕೊಳ್ಳುತ್ತಾ. "ಆದ್ರೆ ನಿಂಗೆ ಮೊದ್ಲು."