ಯರ್ರಮ್ಮನ ಚೀಲದೊಳಗಿನ ಬಯಲಾಟ

ಕೊಂಡ್ಲಹಳ್ಳಿ ಯರ್ರಮ್ಮ ಕಳೆ ತೆಗೆಯುವ ಹೆಂಗಸರ ಮೇಸ್ತ್ರಿ. ಹೊಲದವರ ಹತ್ತಿರ ಕೆಲಸ ಮಾತಾಡುವವಳು ಅವಳು, ಬೆಳಿಗ್ಗೆ ಬಾಗಿಲು ಬಡಿದು ಆಳುಗಳನ್ನು ಹೊರಡಿಸುವವಳೂ ಅವಳೇ. ಈರುಳ್ಳಿ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತ ಹೆಂಗಸರನ್ನು ಸಂಜೆಯವರೆಗೆ ಏಳದಂತೆ ನೋಡಿಕೊಳ್ಳುವುದು ಬೈಗುಳದಿಂದ ಆಗುವ ಕೆಲಸವಲ್ಲ. ಅದಕ್ಕೇ ಅವಳು ಸೊಂಟದ ಎಲೆಯಡಿಕೆ ಚೀಲದಲ್ಲಿ ಫೋನಿಟ್ಟು, ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿಗೆ ಹಾಕಿದ ಬಯಲಾಟ ಕೇಳಿಸುತ್ತಿದ್ದಳು. ಘೋರದಂತನೆಂಬ ರಾಕ್ಷಸ ಅಬ್ಬರಿಸುತ್ತಿದ್ದರೆ ಹೆಂಗಸರ ಕೈ ತಾನಾಗಿ ಮುಂದೆ ಓಡುತ್ತಿತ್ತು.

ತೊಂದರೆ ಫೋನಿನದು. ಪರದೆ ಕಪ್ಪಾದರೆ ರಾಕ್ಷಸನ ಬಾಯಿಯೂ ಮುಚ್ಚುತ್ತಿತ್ತು. ಕಪ್ಪಾಗದಂತೆ ಇಟ್ಟರೆ ಚೀಲದೊಳಗೆ ಸುಣ್ಣದ ಡಬ್ಬಿ ತಗುಲಿ ಬೇರೆ ವಿಡಿಯೊ ಹತ್ತಿ, ಯುದ್ಧದ ನಡುವೆ ಯಾರೋ ಕುರಿಗಳ ಜಂತುಹುಳದ ಬಗ್ಗೆ ಉಪನ್ಯಾಸ ಶುರುಮಾಡುತ್ತಿದ್ದರು. ಸರಿಮಾಡಲು ಹೋದರೆ, ಮಣ್ಣು ಮೆತ್ತಿದ ಬೆರಳನ್ನು ಆ ಫೋನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಕೊನೆಗೆ ಗುಂಪಿನಲ್ಲೇ ಬಾಯಿ ಜೋರಿನ ತ್ರಿವೇಣಿ ಒಂದು ದಿನ ಹೇಳಿಯೇಬಿಟ್ಟಳು.

"ಬಸವಲಿಂಗಮ್ಮನತ್ರ ದೊಡ್ಡ ಸ್ಪೀಕರ್ ಐತಂತೆ, ನಿಲ್ಲದಂಗೆ ಹಾಡ್ತದಂತೆ. ಇನ್ನೊಂದು ಸಲ ನಿನ್ನ ರಾಕ್ಷಸ ಅರ್ಧಕ್ಕೆ ಬಾಯಿ ಮುಚ್ಚಿದ್ರೆ ನಾವೆಲ್ಲ ಅಲ್ಲಿಗೇ ಹೋಗ್ತೀವಿ ಕಣಕ್ಕ."

ಬಸವಲಿಂಗಮ್ಮ ಪಕ್ಕದ ಊರಿನ ಮೇಸ್ತ್ರಿ. ಆವತ್ತು ಯರ್ರಮ್ಮ ಮನೆಗೆ ಬಂದವಳೇ ಫೋನು ಹಿಡಿದು ಕೂತಳು. ಆಳೇ ಇಲ್ಲದ ಮೇಸ್ತ್ರಿಯನ್ನು ಯಾರು ಮಾತಾಡಿಸುತ್ತಾರೆ?

ಕಾಲೇಜಿಗೆ ಹೋಗುವ ಮೊಮ್ಮಗಳು ರಶ್ಮಿತಾ ಅಜ್ಜಿಯ ಕೈಯಿಂದ ಫೋನು ಕಿತ್ತುಕೊಂಡಳು. ಆಪ್ ಬಿಟ್ಟು ಬ್ರೌಸರಿನಲ್ಲಿ ತೆಗೆಯಬೇಕು, ಮೂಲೆಯ ಮೂರು ಚುಕ್ಕೆ ಒತ್ತಿ ಡೆಸ್ಕ್‌ಟಾಪ್ ಸೈಟ್ ಅನ್ನಬೇಕು, ಆಗ ವಿಡಿಯೊ ಕಳಿಸುವ ಕಡೆಯವರು ಇದನ್ನು ಕಂಪ್ಯೂಟರೆಂದೇ ತಿಳಿಯುತ್ತಾರೆ. ಪರದೆ ಆರಿ ಸದ್ದು ನಿಂತರೆ ಮೇಲಿಂದ ಪಟ್ಟಿ ಎಳೆದು ತ್ರಿಕೋನ ಒತ್ತಬೇಕು, ಆಮೇಲೆ ಪರದೆ ಆರಿಸಿದರೂ ಆಟ ನಡೆಯುತ್ತದೆ ಎಂದು ಪಾಠ ಹೇಳಿದಳು. ನಿಲ್ಲಿಸುವುದು ಹೇಗೆಂದು ಯರ್ರಮ್ಮ ಕೇಳಲಿಲ್ಲ. ನಿಲ್ಲುವುದೇ ಅದರ ರೋಗವಾಗಿತ್ತಲ್ಲ.

ಮರುದಿನ ಅವಳು ದೇವಸಮುದ್ರದ ಗೌಡ ಜಯದೇವಪ್ಪನವರ ಈರುಳ್ಳಿ ಹೊಲದ ಕೆಲಸ ಮಾತಾಡಲು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ರಾಜ, ಮಂತ್ರಿಗಳು ಕಪ್ಪು ಪರದೆಯ ಹಿಂದಿನಿಂದಲೇ ಕೂಗಾಡಿದರು. ಯರ್ರಮ್ಮನಿಗೆ ಹಿಗ್ಗೋ ಹಿಗ್ಗು. ಆದರೆ ಇಳಿಯುವ ಹೊತ್ತಿಗೆ ಸದ್ದು ನಿಂತಿತು. ಒಂದು ವೇಷ ಒಳಗೆ ಹೋಗಿ ಇನ್ನೊಂದು ಬರುವ ತನಕದ ಉದ್ದನೆಯ ಬಿಡುವು ಅದು. ಅವಳು ಚೀಲದೊಳಗೆ ಇಣುಕಿದಳು, ಪರದೆ ಕಪ್ಪಗಿತ್ತು. ಹಳೇ ರೋಗ ಮರುಕಳಿಸಿತೆಂದು ಮೊಮ್ಮಗಳನ್ನು ಬೈದುಕೊಳ್ಳುತ್ತ ನಡೆದಳು.

ಜಯದೇವಪ್ಪ ಲಿಂಗಪೂಜೆಗೆ ಕೂತಿದ್ದರು. ಪೂಜೆ ಮುಗಿಯುವವರೆಗೆ ಆ ಮನೆಯಲ್ಲಿ ಲೋಟ ಇಟ್ಟ ಸದ್ದೂ ಆಗಕೂಡದು. ಅವರ ಹೆಂಡತಿ ವೀರಮ್ಮ ತುಟಿಗೆ ಬೆರಳಿಟ್ಟು, ಕೂತಿರೆಂದು ಕಣ್ಣಲ್ಲೇ ಹೇಳಿದರು. ಯರ್ರಮ್ಮ ಉಸಿರು ಬಿಗಿಹಿಡಿದು ಕಂಬಕ್ಕೊರಗಿದಳು.

ಆಗ ಅವಳ ಸೊಂಟ ಗುಡುಗಿತು.

"ಭಲಾ, ಈ ಸಭಾಸ್ಥಾನಕ್ಕೆ ಬಂದಂಥವರು ಧಾರು? ತಮ್ಮ ನಾಮಾಂಕಿತವೇನು?"

ಹೊಸ ವೇಷ ಬಂದಾಗ ಸಾರಥಿ ಕೇಳುವ ಮಾತು ಅದು. ಯರ್ರಮ್ಮ ಚೀಲ ಅದುಮಿದಳು. ಪಕ್ಕದ ಗುಂಡಿ ಒತ್ತಿದಳು; ಪರದೆ ಹತ್ತಿತು, ಆರಿತು, ಸಾರಥಿ ಮಾತ್ರ ಜಗ್ಗಲಿಲ್ಲ. ಕೊನೆಗೆ ಚೀಲವನ್ನು ಸೊಂಟದಿಂದ ಕಿತ್ತು ಅದರ ಮೇಲೆಯೇ ಕೂತಳು. ಅವನು ಅಲ್ಲಿಂದಲೂ ಕೇಳಿದ. ಕೆಲಸ ಹೋಯಿತು, ತ್ರಿವೇಣಿಯೂ ಹೋದಳು ಎಂದು ಅವಳಿಗೆ ಅಳುವೇ ಬಂತು.

ಜಯದೇವಪ್ಪ ಕಣ್ಣು ತೆರೆದರು. ಲಿಂಗವನ್ನು ಕರಡಿಗೆಗೆ ಸೇರಿಸಿ, ನಡುಮನೆಗೆ ಬಂದು, ಕಾಲು ಅಗಲಿಸಿ ನಿಂತು, ಚೀಲಕ್ಕೇ ಉತ್ತರ ಕೊಟ್ಟರು.

"ಎಲಾ ಸಾರಥಿ, ಮೂರು ಲೋಕ ನಡುಗಿಸುವ ಘೋರದಂತನೆಂದರೆ ನಾನೇ ಅಲ್ಲವೇನೋ."

ಹರೆಯದಲ್ಲಿ ಅವರು ಕಟ್ಟುತ್ತಿದ್ದ ವೇಷವೇ ಅದು. ಮದುವೆ ಗೊತ್ತಾದಾಗ, ಮನೆತನಕ್ಕೆ ಇದು ತಕ್ಕದ್ದಲ್ಲವೆಂದು ಅವರಪ್ಪ ಗೆಜ್ಜೆ ಬಿಚ್ಚಿಸಿದ್ದರು. ಈಗ ಒಂದು ಮಾತೂ ಮರೆತಿರಲಿಲ್ಲ. ಪ್ರಸಂಗ ಮುಗಿಸಿ, ಬೆವರು ಒರೆಸಿಕೊಂಡು, ನಾಳೆಯಿಂದಲೇ ಆಳು ಕರೆದುಕೊಂಡು ಬಾ, ಆ ಚೀಲವನ್ನೂ ತಾ ಎಂದರು.

ಮಾರನೆಯ ದಿನ ಬದುವಿನ ಮೇಲೆ ಕುರ್ಚಿ ಬಂತು, ಕುರ್ಚಿಯ ಮೇಲೆ ಜಯದೇವಪ್ಪ ಬಂದರು. ಮೊದಮೊದಲು ಫೋನು ಒಂದು ಮಾತಾಡಿದರೆ ಅವರೊಂದು ಮಾತಾಡುತ್ತಿದ್ದರು. ಬರಬರುತ್ತ ಫೋನಿನವನಿಗೆ ತಾಳ ಗೊತ್ತಿಲ್ಲವೆಂದು ಅವನ ಬಾಯಿ ಮುಚ್ಚಿಸಿ, ಎಲ್ಲ ಪಾತ್ರಗಳನ್ನೂ ತಾವೇ ವಹಿಸಿಕೊಂಡರು. ಅವರು ರಾಣಿಯಾಗಿ ವಿರಹದಲ್ಲಿ ಬಿಕ್ಕಿದಾಗ ತ್ರಿವೇಣಿ ನಕ್ಕು ನಕ್ಕು ಈರುಳ್ಳಿಯನ್ನೇ ಕಿತ್ತಳು. ಬಸವಲಿಂಗಮ್ಮನ ಕಡೆಯ ಹೆಂಗಸರೂ ಬಂದು ಸೇರಿದರು. ಆದರೆ ಬುತ್ತಿ ಬಿಚ್ಚುವ ಹೊತ್ತಾದರೂ ರಾಕ್ಷಸ ಬಿಡುತ್ತಿರಲಿಲ್ಲ, ಸಂಜೆ ಮನೆಗೆ ಹೊರಟರೆ ಜಯದೇವಪ್ಪ ಈ ಹಾಡೊಂದು ಮುಗಿಯಲಿ ಎನ್ನುತ್ತಿದ್ದರು. ಮಜ್ಜಿಗೆ ತಂದ ವೀರಮ್ಮನವರ ಹತ್ತಿರ ಯರ್ರಮ್ಮ ಮೆಲ್ಲಗೆ ಕೇಳಿದಳು.

"ಫೋನ್ ನಿಲ್ಸಾದು ಕಲ್ತೀನ್ರಮ್ಮ. ಗೌಡ್ರನ್ನ ನಿಲ್ಸಾದು ಹೆಂಗ್ರಿ?"

ವೀರಮ್ಮ ತಂಬಿಗೆ ಕೆಳಗಿಟ್ಟು ಬದುವಿನ ಮೇಲೆ ಕೂತರು.

"ಗೆಜ್ಜೆ ಬಿಚ್ಚಿಸಿದ ಮ್ಯಾಲೇ ನಮ್ಮಾವ ನನ್ನ ಮನೆ ತುಂಬಿಸ್ಕಂಡಿದ್ದು," ಎಂದರು. "ನಾನು ಈಗ್ಲೇ ಕಣೆ ಇವರ ಆಟ ಪೂರಾ ಕೇಳ್ತಿರಾದು. ಸುಮ್ಕೆ ಕಳೆ ಕೀಳು."